ಚೆಂಡು ಕೊಟ್ಟವರು ಪಾಟಿಚೀಲಾನೂ ಕೊಡಬೇಕು

"ಆಟ ಅಂದ್ರ ಆಟ. ಸಮಾಜ ಸುಧಾರಣಿ, ಮಕ್ಕಳ ಓದು ಎಲ್ಲಾ ಫುಟ್‌ಬಾಲಿನವರ ಕೆಲಸ ಅಲ್ಲ" ಅಂತ ಗಂಡಸರು ಟೀವಿ ಮುಂದ ಕೂತು ಅಂತಿರ್ತಾರ. ನನಗಂತೂ ಈ ಮಾತು ಒಪ್ಪಿಗಿಲ್ಲ. ಏಳೆಂಟು ವರ್ಷದ ಕೂಸನ್ನ ಮನಿಯಿಂದ ಕರಕೊಂಡು ಹೋಗಿ, ದಿನಾ ಎರಡೆರಡು ತಾಸು ಓಡಿಸಿ, ಅದರ ಓದು, ಅದರ ಮುಂದಿನ ಬಾಳೆ ನಮಗ ಸಂಬಂಧಿಲ್ಲ ಅಂದ್ರ ಹ್ಯಾಂಗ್ರೀ?

ಜಾರ್ಖಂಡದಾಗ ರಾಂಚಿ ಹತ್ರ ಓರ್‌ಮಾಂಝಿ ಅಂತ ಅದ. ಅಲ್ಲಿ ಹಳ್ಳಿಗೋಳಾಗ 'ಯುವಾ' ಅನ್ನೋ ಸಂಸ್ಥಾ 2009 ರಿಂದ ಹುಡುಗ್ಯಾರಿಗೆ ಫುಟ್‌ಬಾಲ್ ಕಲಸ್ತದ. ಶುರು ಮಾಡಿದವರು ಫ್ರಾಂಜ್ ಗಾಸ್ಟ್ಲರ್ ಅಂತ, ಅಮೆರಿಕಾದವರು. ನೀರು ತುಂಬಿ, ಒಲಿ ಹಚ್ಚಿ, ದನ ನೋಡೋ ಮನಿ ಹುಡುಗ್ಯಾರು ಮೈದಾನಕ್ಕ ಬಂದ್ರು. ಚಡ್ಡಿ ಹಾಕ್ಕೊಂಡು ಓಡ್ತಾರಂತ ಊರ ಮಂದಿ ಆಡಿಕೊಂಡ್ರು. ಆಡಿಕೊಳ್ಳೂದಕ್ಕ ಜಾರ್ಖಂಡ ಏನು, ನಮ್ಮ ಓಣಿ ಏನು!

2013 ರಾಗ ಇವರ ತಂಡ ಸ್ಪೇನ್ ದೇಶಕ್ಕ ಹೊಂಟಿತ್ತು. ಪಾಸ್‌ಪೋರ್ಟಿಗೆ ಜನ್ಮ ದಾಖಲೆ ಬೇಕು. ಕೇಳಾಕ ಹೋದ ಹುಡುಗ್ಯಾರ ಕಡೆ ಪಂಚಾಯ್ತಿ ಕಚೇರಿಯೊಳಗ ಕಸಾ ಹೊಡಿಸಿದ್ರು ಅಂತ ಆಗ ಪೇಪರಿನ್ಯಾಗ ಬಂದಿತ್ತು. ಅದೇ ಹುಡುಗ್ಯಾರು ಅಲ್ಲಿ ಹೋಗಿ ಗಾಸ್ತೇಯ್ಸ್ ಕಪ್‌ನ್ಯಾಗ ಮೂರನೇ ನಂಬರ್ ಬಂದ್ರು.

ನನ್ನ ಕಣ್ಣಿಗೆ ಆ ಕಪ್ಪಿಗಿಂತ ದೊಡ್ಡದು ಕಂಡದ್ದು ಮುಂದಿನದು. 2015 ರಾಗ ಆ ಹುಡುಗ್ಯಾರಿಗಂತನ ಯುವಾದವರು ಸಾಲಿ ತಗದ್ರು. ಇಂಗ್ಲಿಷ್, ಗಣಿತದ ಜೋಡಿ ಮುಟ್ಟಿನ ವಿಚಾರ, ಸಣ್ಣ ವಯಸ್ಸಿನ ಮದುವಿ ವಿಚಾರಾನೂ ಬಾಯಿಬಿಟ್ಟು ಮಾತಾಡ್ತಾರ. ದೊಡ್ಡಾದ ಹುಡುಗ್ಯಾರ ಸಣ್ಣವರಿಗೆ ಕೋಚ್ ಆಗ್ತಾರ. 2021 ರಾಗ ಅಲ್ಲಿಯ ಒಬ್ಬಾಕಿ, ಒಕ್ಕಲುತನದ ಮನಿ ಹುಡುಗಿ, ಪೂರ್ತಿ ಸ್ಕಾಲರ್‌ಶಿಪ್ ಮ್ಯಾಲೆ ಹಾರ್ವರ್ಡಿಗೆ ಹ್ವಾದಳು.

ಸಾಲಿ ತಗಿಯೂದಾದ್ರ ಬರೇ ಸಾಲಿ ತಗೀಬೇಕಿತ್ತು, ನಡುವ ಚೆಂಡು ಯಾಕ ಅಂತೀರಿ? ನಾ ವಿಚಾರ ಮಾಡಿದ್ದು ಹಿಂಗ. ಅರವತ್ತು ಮಕ್ಕಳ ಕ್ಲಾಸಿನ್ಯಾಗ ಒಂದು ಹುಡುಗಿ ಬರೂದು ಬಿಟ್ರ ಹಾಜರಿ ಪುಸ್ತಕದಾಗ ಒಂದು ಗೆರಿ ಬೀಳ್ತದ, ಅಷ್ಟ. ಆಟದಾಗ ಹಂಗಲ್ಲ. ಗೋಲ್ ಕಾಯಾಕಿ ಬರಲಿಲ್ಲಂದ್ರ ಉಳಿದ ಹತ್ತು ಮಂದಿ ಆಕಿ ಬಾಗಿಲಿಗೆ ಬಂದು ನಿಲ್ತಾರ. "ಕಾಕು, ಯಾಕ ಕಳಸಲಿಲ್ಲ?" ಅಂತಾರ. ಹತ್ತು ಹುಡುಗ್ಯಾರ ಮುಂದ ಗಪ್‌ಚುಪ್ ಮದುವಿ ಗೊತ್ತು ಮಾಡೂದು ಅಷ್ಟು ಸರಳಲ್ಲ.

ಇದು ಜಾರ್ಖಂಡದ ಕಥಿ, ನಮಗೇನು ಅನಬ್ಯಾಡ್ರಿ. 2019-21 ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷಾ ಪ್ರಕಾರ, 20 ರಿಂದ 24 ವಯಸ್ಸಿನ ಹೆಣ್ಣಮಕ್ಕಳೊಳಗ 18 ತುಂಬೂದರೊಳಗ ಮದುವಿ ಆದವರು ಅಲ್ಲಿ ನೂರಕ್ಕ 32, ನಮ್ಮ ಕರ್ನಾಟಕದಾಗ 21. ಅಂದ್ರ ನಮ್ಮಲ್ಲಿ ಐದರೊಳಗ ಒಬ್ಬಾಕಿ.

ಎಲ್ಲಾರೂ ಹಾರ್ವರ್ಡಿಗೆ ಹೋಗೂದಿಲ್ಲ, ಖರೇ. ಎಲ್ಲಾರೂ ಮೆಸ್ಸಿನೂ ಆಗೂದಿಲ್ಲಲ್ಲ. ಅದಕ್ಕ ನಾ ಹೇಳೂದು. ಇಂಗ್ಲೆಂಡಿನ ದೊಡ್ಡ ದೊಡ್ಡ ಕ್ಲಬ್ಬಿನವರು ಎಂಟೊಂಬತ್ತು ವರ್ಷದವರನ್ನ ಸೇರಿಸಿಕೊಳ್ತಾರ, ಅದರಾಗ ದೊಡ್ಡ ತಂಡದ ಅಂಗಿ ತೊಡವರು ಬೆರಳೆಣಿಕಿ ಮಂದಿ. ಉಳಿದವರನ್ನ ವಾಪಸ್ ಕಳಸ್ತಾರ. 16 ರಿಂದ 18 ರ ತನಕ ಆಟದ ಜೋಡಿ ಓದೂ ನಡೀಬೇಕು ಅಂತ ಅಲ್ಲಿ ಪದ್ಧತಿ ಇಟ್ಟಾರ. ರೊಕ್ಕ ಇದ್ದವರು ಅಷ್ಟು ಮಾಡೂದು ಉಪಕಾರ ಅಲ್ಲ, ಋಣ. ಆ ಮಕ್ಕಳ ಸಾಲಿ ತಾಸು ತಗೊಂಡವರು ಅವರ ಅಲ್ಲೇನು?

ಈಗ ನಮ್ಮ ಊರಾಗೂ ಸಂಜಿ ಕೋಚಿಂಗ್ ಭಾಳ ಆಗ್ಯಾವ. ಬಣ್ಣದ ಅಂಗಿ, ಬೂಟು, ತಿಂಗಳ ಫೀ. ಸೇರಸ್ರಿ, ಹೆಣ್ಣಮಕ್ಕಳನ್ನ ಮೊದಲ ಸೇರಸ್ರಿ. ಆದ್ರ ಕೋಚ್ ಅವರನ್ನ ಕೇಳ್ರಿ: ಪರೀಕ್ಷಾ ಮತ್ತ ಮ್ಯಾಚ್ ಒಂದ ದಿನ ಬಂದ್ರ ಎಲ್ಲಿಗೆ ಕಳಸ್ತೀರಿ? ಕಾಲು ಮುರದ್ರ ದವಾಖಾನಿ ಖರ್ಚು ಯಾರದು? ಹುಡುಗ್ಯಾರ ಜೋಡಿ ಒಬ್ಬಾಕಿ ಹೆಣ್ಣಮಗಳು ಇರ್ತಾಳೋ ಇಲ್ಲೋ? ಅವರು ತಡವರಿಸಿದ್ರ ಫೀ ತುಂಬೂದು ಒಂದು ವಾರ ತಡೀರಿ.