ಶಬ್ದದ ಬೆನ್ನು ಹತ್ತಿ: ‘ನೈಸ್’

ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುವ ಇಂಗ್ಲೀಷ್ ಶಬ್ದವೊಂದನ್ನು ಈ ಸಲ ಎತ್ತಿಕೊಂಡಿದ್ದೇನೆ: ‘ನೈಸ್’. ಸಾರು ನೈಸ್, ಸೀರೆ ನೈಸ್, ಎದುರುಮನೆಯವರೂ ನೈಸ್. ಆದರೆ ಸುಮಾರು 700 ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಎದುರುಮನೆಯವರನ್ನು ಹೀಗೆ ಕರೆದಿದ್ದರೆ ಜಗಳವೇ ಆಗುತ್ತಿತ್ತು. ಆಗ ಅದಕ್ಕೆ ‘ದಡ್ಡ’ ಎಂದೇ ಅರ್ಥ!

ಶಬ್ದದ ಮೂಲ ಲ್ಯಾಟಿನ್ನಿನ ‘ನೆಸ್ಕಿಯುಸ್’. ‘ನೆ’ ಎಂದರೆ ಇಲ್ಲ, ‘ಸ್ಕಿರೆ’ ಎಂದರೆ ತಿಳಿಯುವುದು. ಕೂಡಿದರೆ ‘ಅರಿಯದವ’, ನಮ್ಮ ‘ಅಜ್ಞ’ ಇದ್ದಂತೆ. ಅದೇ ‘ಸ್ಕಿರೆ’ಯಿಂದ ‘ಸೈನ್ಸ್’ ಕೂಡ ಹುಟ್ಟಿದೆ. ಅಜ್ಞಾನ ವಿಜ್ಞಾನಗಳೆರಡೂ ಒಂದೇ ಮನೆಯವು, ನೋಡಿ! ಶಬ್ದವು ಫ್ರೆಂಚಿನ ಮೂಲಕ ಇಂಗ್ಲೀಷಿಗೆ ಬಂದಿತು; 14ನೆಯ ಶತಮಾನದ ಕವಿ ಚಾಸರ್ ಅದನ್ನು ಮೂರ್ಖತನಕ್ಕೇ ಬಳಸಿದ್ದಾನೆ. ಬರಬರುತ್ತ ‘ಎಲ್ಲಕ್ಕೂ ಮೂಗು ಮುರಿಯುವ ನಾಜೂಕಿನವ’ ಎಂದಾಯಿತು, ಆಮೇಲೆ ‘ಸೂಕ್ಷ್ಮ’, 18ನೆಯ ಶತಮಾನದಲ್ಲಿ ‘ಹಿತವಾದದ್ದು’.

ಇಂಗ್ಲೀಷರನ್ನು ನಗುವ ಮುನ್ನ ನಮ್ಮ ‘ಮುಗ್ಧ’ವನ್ನು ನೆನೆಯಬೇಕು. ‘ಮೂಢ’ನೂ ‘ಮುಗ್ಧ’ನೂ ಒಂದೇ ಧಾತುವಿನ ಮಕ್ಕಳು. ಒಬ್ಬನಿಗೆ ಬೈಗುಳ, ಇನ್ನೊಬ್ಬನಿಗೆ ಮುದ್ದು.

ಕನ್ನಡಕ್ಕೆ ಬಂದ ಮೇಲೂ ‘ನೈಸ್’ ಸುಮ್ಮನೆ ಕುಳಿತಿಲ್ಲ. ದೋಸೆಯ ಅಕ್ಕಿಯನ್ನು ನೈಸಾಗಿ ರುಬ್ಬುತ್ತೇವೆ. ಕೆಲಸದ ಹೊತ್ತಿಗೆ ಒಬ್ಬ ನೈಸಾಗಿ ಜಾರಿಕೊಳ್ಳುತ್ತಾನೆ. ಸಾಲ ಬೇಕಾದಾಗ ಮತ್ತೊಬ್ಬ ‘ನೈಸ್ ಮಾಡುತ್ತಾನೆ’. ಇವು ಯಾವ ಇಂಗ್ಲೀಷನಿಗೂ ತಿಳಿಯವು. ಇವನ್ನು ನಾನು ಕನ್ನಡವೆಂದೇ ಎಣಿಸುತ್ತೇನೆ. ಇವುಗಳ ಬಗೆಗೆ ನನ್ನ ತಕರಾರಿಲ್ಲ.

ತಕರಾರಿರುವುದು ಹೊಗಳಿಕೆಯ ‘ನೈಸ್’ನೊಡನೆ. 1817ರ ಕೊನೆಗೆ ಪ್ರಕಟವಾದ ಜೇನ್ ಆಸ್ಟೆನ್ನಳ ‘ನಾರ್ಥ್ಯಾಂಗರ್ ಅಬೆ’ ಕಾದಂಬರಿಯಲ್ಲಿ ಹೆನ್ರಿ ಟಿಲ್ನಿ ಎಂಬವನು ಇದನ್ನೇ ಗೇಲಿ ಮಾಡುತ್ತಾನೆ: ಯಾವ ವಿಷಯದ ಹೊಗಳಿಕೆಯಾದರೂ ಇದೊಂದು ಶಬ್ದದಲ್ಲೇ ಮುಗಿದುಹೋಗುತ್ತದೆಯಂತೆ. ಅವನ ಗೇಲಿ ಇಂದು ನಮಗೆ ಹೆಚ್ಚು ತಾಗಬೇಕು. ಊರಿನಲ್ಲಿರುವ ಮಗುವಿಗೆ ‘ಇಂಪು’, ‘ಕಂಪು’, ‘ಹದ’, ‘ಸೊಗಸು’ ಬೀದಿಯಲ್ಲೂ ಕಿವಿಗೆ ಬಿದ್ದಾವು. ಪುಣೆಯಲ್ಲೋ ಚೆನ್ನೈಯಲ್ಲೋ ಬೆಳೆಯುವ ಮಗುವಿಗೆ ಬೀದಿಯದು ಬೇರೆ ನುಡಿ, ಶಾಲೆಯದು ಇಂಗ್ಲೀಷು. ಈ ಶಬ್ದಗಳು ಸಿಕ್ಕರೆ ಅಡಿಗೆಮನೆಯಲ್ಲೇ, ಹಿರಿಯರ ಬಾಯಲ್ಲೇ ಸಿಗಬೇಕು. ಅಲ್ಲಿಯೂ ಅಜ್ಜಿ ಪಾಯಸ ಸವಿದು ‘ನೈಸ್’ ಎಂದುಬಿಟ್ಟರೆ ಆ ಮಗು ‘ಹದ’ವನ್ನು ಎಲ್ಲಿಂದ ತಂದೀತು?

ಮುಂದಿನ ಹಬ್ಬದ ಊಟದಲ್ಲಿ ಒಂದು ಆಟ ಆಡಿರಿ. ಎಲೆಯ ಮೇಲಿನ ಒಂದೊಂದು ಬಗೆಯನ್ನೂ ಮಕ್ಕಳು ‘ನೈಸ್’ ಎನ್ನದೆ ಹೊಗಳಲಿ. ದೊಡ್ಡವರಿಗೂ ರಿಯಾಯಿತಿ ಬೇಡ. ಬಂದ ಶಬ್ದಗಳನ್ನು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಅಚ್ಚು ಹಾಕೋಣ.