ಯಂತ್ರ ನಿಂತ ಹೊತ್ತಿಗೂ ಲೆಕ್ಕವಿರಲಿ

ಗೋಕಾಕ, ಮೂಡಲಗಿ, ಹುಕ್ಕೇರಿ ಪರಿಸರಕ್ಕೆ ಯಂತ್ರೋದ್ಯಮ ಹೊಸದಲ್ಲ. ಗೋಕಾಕ ಜಲಪಾತದ ನೀರಿನ ಬಲವನ್ನು ನಂಬಿ ನೂಲಿನ ಗಿರಣಿಯ ಕಂಪನಿ 1885ರಲ್ಲಿಯೇ ಸ್ಥಾಪನೆಗೊಂಡಿತು. ಅನಂತರ ಸಂಕೇಶ್ವರದ ಹಿರಣ್ಯಕೇಶಿಯಂತಹ ಸಹಕಾರಿ ಸಕ್ಕರೆ ಕಾರ್ಖಾನೆಗಳು ಬಂದವು. ಬೆಲ್ಲದ ಗಾಣಗಳೂ ವಿದ್ಯುತ್ ಮೋಟಾರಿಗೆ ಒಗ್ಗಿಕೊಂಡವು. ಆದರೂ ಯಂತ್ರ ಕೊಳ್ಳುವಾಗ ಬೆಲೆ ಮತ್ತು ಅಶ್ವಶಕ್ತಿಯನ್ನು ವಿಚಾರಿಸುವವರೇ ಹೆಚ್ಚು. ಅದು ಎಷ್ಟು ಕಾಲ ನಿಲ್ಲದೆ ನಡೆದೀತು, ನಿಂತರೆ ಎಷ್ಟು ಹೊತ್ತಿನಲ್ಲಿ ಮತ್ತೆ ನಡೆದೀತು ಎಂದು ಕೇಳುವವರು ವಿರಳ. ವಿಶ್ವಾಸಾರ್ಹತಾ ಶಾಸ್ತ್ರವು ಹುಟ್ಟಿದ್ದೇ ಈ ಎರಡು ಪ್ರಶ್ನೆಗಳಿಂದ.

ಶಾಸ್ತ್ರದ ಮೊದಲ ಪಾಠ ಸರಳವಾಗಿದೆ. ಒಂದರ ಹಿಂದೊಂದು ಜೋಡಿಸಿದ 20 ಭಾಗಗಳಿವೆ ಎಂದುಕೊಳ್ಳೋಣ. ಪ್ರತಿಯೊಂದೂ ಒಂದು ಪಾಳಿ ಪೂರ್ತಿ ಕೆಡದೆ ನಡೆಯುವ ಸಂಭವ ಶೇ. 99. ಎಲ್ಲವೂ ಒಟ್ಟಿಗೆ ಕೆಡದೆ ನಡೆಯುವ ಸಂಭವ ಮಾತ್ರ ಸುಮಾರು ಶೇ. 82. ಅಂದರೆ ಐದಾರು ಪಾಳಿಗೊಮ್ಮೆ ಸಾಲು ಯಂತ್ರ ನಿಲ್ಲುತ್ತದೆ. ಬಿಡಿಯಾಗಿ ಉತ್ತಮವಾದ ಭಾಗಗಳಿದ್ದರೂ ಕಾರ್ಖಾನೆ ಪದೇ ಪದೇ ನಿಲ್ಲುವುದೇಕೆ ಎಂಬುದಕ್ಕೆ ಇದೇ ಉತ್ತರ.

ಎರಡನೆಯ ಪಾಠ ವ್ಯಾಪಾರಸ್ಥರಿಗೆ ಇನ್ನೂ ಹತ್ತಿರದ್ದು. 100 ಗಂಟೆಗೊಮ್ಮೆ ಕೆಟ್ಟು, ದುರಸ್ತಿಗೆ 4 ಗಂಟೆ ಬೇಡುವ ಯಂತ್ರ ಶೇ. 96ರಷ್ಟು ಕಾಲ ದುಡಿಯುತ್ತದೆ. ಹೆಚ್ಚು ಹಣ ಸುರಿದು ಕೆಡುವ ಅಂತರವನ್ನು 200 ಗಂಟೆಗೆ ಏರಿಸಿದರೆ ಶೇ. 98 ಆಗುತ್ತದೆ. ಅದೇ ಹಳೆಯ ಯಂತ್ರಕ್ಕೆ ಬಿಡಿಭಾಗವನ್ನು ಕೈಗೆಟುಕುವಂತೆ ಇರಿಸಿ ದುರಸ್ತಿಯನ್ನು 1 ಗಂಟೆಗೆ ಇಳಿಸಿದರೆ ಶೇ. 99! ಕಬ್ಬು ನುರಿಸುವ ಹಂಗಾಮಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಕಡಿದ ಕಬ್ಬು ಕಾಯುತ್ತಾ ನಿಂತಷ್ಟೂ ತೂಕವೂ ಸಕ್ಕರೆಯ ಅಂಶವೂ ಕುಗ್ಗುತ್ತವೆ; ನಷ್ಟ ಗಾಣದವನದಷ್ಟೇ ಅಲ್ಲ, ರೈತನದೂ ಹೌದು.

ಆದರೆ ಪುಸ್ತಕದ ಅಂಕಿಗಳು ಹಾಗೆಯೇ ಗಾಣಕ್ಕೆ ಅನ್ವಯಿಸುವುದಿಲ್ಲ. ಬೇರಿಂಗಿಗೆ ತಯಾರಕರು ನಮೂದಿಸುವ ಆಯುಷ್ಯವೆಂದರೆ ನೂರರಲ್ಲಿ 90 ತಲುಪಬಹುದಾದ ಆಯುಷ್ಯ. ಉಳಿದ 10 ಅದಕ್ಕೂ ಮೊದಲೇ ಕೆಡಬಹುದು. ಬಾಲ್ ಬೇರಿಂಗಿನ ಮೇಲಿನ ಹೊರೆ ಇಮ್ಮಡಿಯಾದರೆ ಆಯುಷ್ಯ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಬೆಲ್ಟನ್ನು ಅತಿಯಾಗಿ ಬಿಗಿಯುವುದು, ಧೂಳು, ಕಬ್ಬಿನ ರಸ, ವೋಲ್ಟೇಜಿನ ಏರಿಳಿತ ಇವೆಲ್ಲ ಆಯುಷ್ಯವನ್ನು ಮತ್ತಷ್ಟು ಕಡಿತಗೊಳಿಸುತ್ತವೆ. ಆದ್ದರಿಂದ ಪ್ರತಿಯೊಂದು ಘಟಕಕ್ಕೂ ಅದರದೇ ದಾಖಲೆಯೇ ನಿಜವಾದ ಪಠ್ಯ.

ಆ ದಾಖಲೆಗೆ ಗಣಕಯಂತ್ರವೇ ಬೇಕೆಂದಿಲ್ಲ. ಯಾವ ಭಾಗ ಯಾವಾಗ ಕೆಟ್ಟಿತು, ಏಕೆ ಕೆಟ್ಟಿತು, ಎಷ್ಟು ಹೊತ್ತು ಹೋಯಿತು ಎಂದು ಬರೆದಿಡುವ ಒಂದು ವಹಿ ಸಾಕು. ಎರಡು ಹಂಗಾಮುಗಳ ವಹಿಯನ್ನು ತಿರುವಿದರೆ ಯಾವ ಬಿಡಿಭಾಗವನ್ನು ಸಂಗ್ರಹಿಸಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ. ಒಬ್ಬೊಬ್ಬರಿಗೆ ದುಬಾರಿಯಾಗುವ ಭಾಗಗಳನ್ನು ನಾಲ್ಕಾರು ಉದ್ಯಮಿಗಳು ಕೂಡಿ ಸ್ಥಳೀಯ ವ್ಯಾಪಾರಿಯಲ್ಲಿ ಇರಿಸಿಕೊಳ್ಳಬಹುದು. ಬಿಡಿಭಾಗದ ವ್ಯಾಪಾರಿಯೂ ಅಗ್ಗದ ಮಾಲಿಗಿಂತ ಬಾಳುವ ಮಾಲನ್ನು ಮುಂದಿಡಬೇಕು. ದಿನವಹಿಯಲ್ಲಿ ಪೈಸೆ ಪೈಸೆಗೂ ಲೆಕ್ಕವಿಡುವ ಉದ್ಯಮಿ, ನಿಂತ ಗಂಟೆಗಳಿಗೂ ಅಷ್ಟೇ ಕಟ್ಟುನಿಟ್ಟಿನ ಲೆಕ್ಕವಿಡುವುದು ಲೇಸು.