ಸಾಮಾನು ಏರಿಸುವ ಮುನ್ನ ಕಾಗದ ಕೇಳಿ!

"ಒಂಬತ್ತು ಸಾವಿರಕ್ಕೆ ಒಪ್ಪಿದ್ದಿರಲ್ಲ ಸ್ವಾಮಿ?"

"ಅದು ಬರೀ ಬಾಡಿಗೆ. ಹಮಾಲಿ, ಟೋಲು, ಮೆಟ್ಟಿಲು ಎಲ್ಲಾ ಬೇರೆ. ಇಪ್ಪತ್ತೆರಡು ಸಾವಿರ ಹಾಕಿ, ಆಮೇಲೆ ಸಾಮಾನು ಇಳಿಸ್ತೀವಿ."

ನನ್ನ ಗೆಳೆಯ ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ ಮೈಸೂರಿಗೆ ಹೋದ ದಿನ ಫೋನಿನಲ್ಲಿ ನಡೆದ ಮಾತಿದು. ಲಾರಿ ಮನೆ ಬಾಗಿಲಲ್ಲೇ ನಿಂತಿತ್ತು. ಅಮ್ಮನ ಹೊಲಿಗೆ ಯಂತ್ರ, ತಂಗಿಯ ಮಾರ್ಕ್ಸ್ ಕಾರ್ಡು ಎಲ್ಲವೂ ಅದರೊಳಗೆ. ಹಿಂಬಾಗಿಲಿಗೆ ಬೀಗ. ಡ್ರೈವರನನ್ನು ಕೇಳಿದರೆ, "ನಂಗೇನೂ ಗೊತ್ತಿಲ್ಲ ಅಣ್ಣಾ, ನಾನು ಬಾಡಿಗೆಗೆ ಬಂದೋನು" ಎಂದ. ಅಡ್ವಾನ್ಸ್ ಪಡೆದವರ ವಿಳಾಸದಲ್ಲಿ ಆಫೀಸೂ ಇಲ್ಲ, ಬೋರ್ಡೂ ಇಲ್ಲ! ಗೆಳೆಯ ಸಾಲ ಮಾಡಿ ಹಣ ಕಟ್ಟಿದ. ರೇಟು ಕಡಿಮೆ ಎಂದು ಆ ನಂಬರು ಕೊಟ್ಟವನು ನಾನೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗೆಳೆಯರೇ, ಹಳೇ ಬೈಕು ಕೊಳ್ಳುವಾಗ ಹತ್ತು ಸಲ ಆರ್‌ಸಿ ತಿರುಗಿಸಿ ನೋಡುವವರು ನಾವು. ಇಡೀ ಮನೆಯನ್ನೇ ಲಾರಿಗೆ ತುಂಬುವಾಗ ಮಾತ್ರ ಏನೂ ಕೇಳುವುದಿಲ್ಲ. ಯಾಕೆ? ಕೇಳುವ ಹಕ್ಕು ಇದೆ ಎಂಬುದೇ ನಮಗೆ ಗೊತ್ತಿಲ್ಲ!

ಕಾನೂನು ಇದೆ. 2007ರ ರಸ್ತೆ ಸರಕು ಸಾಗಣೆ ಕಾಯ್ದೆ 2011ರಿಂದ ಜಾರಿಯಲ್ಲಿದೆ. ರಸೀದಿ ಕೊಟ್ಟು ಎಲ್ಲರ ಸರಕನ್ನೂ ಸಾಗಿಸುವ ಕಂಪನಿ ಅದರಡಿ ನೋಂದಣಿ ಮಾಡಿಸಲೇಬೇಕು. ಮೊದಲು ಆ ನೋಂದಣಿ ಸಂಖ್ಯೆ ಕೇಳಿ. ತಡವರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಎರಡನೆಯದು ಲಾರಿ. ಅದರ ನಂಬರನ್ನು ಕೇಂದ್ರ ಸರ್ಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿ. ಎಫ್‌ಸಿ ಎಂದಿಗೆ ಮುಗಿಯುತ್ತದೆ, ವಿಮೆ ಚಾಲ್ತಿಯಲ್ಲಿದೆಯೇ, ಎರಡೇ ನಿಮಿಷದಲ್ಲಿ ತಿಳಿಯುತ್ತದೆ. ಬಿಳಿ ಬೋರ್ಡಿನ ಸ್ವಂತ ಬಳಕೆಯ ಗಾಡಿ ಬಾಡಿಗೆಗೆ ಬಂದರೆ ವಾಪಸು ಕಳಿಸಿ. ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯುವುದು ಇಲ್ಲೇ. ಇನ್ನು ಚಾಲಕ: ಒಟ್ಟು ತೂಕ 7,500 ಕೆಜಿ ಮೀರಿದ ಲಾರಿ ಓಡಿಸಲು ಕಾರಿನ ಲೈಸೆನ್ಸ್ ಸಾಲದು.

ಮೂರನೆಯದು ರಸೀದಿ. ಸರಕಿನ ಪಟ್ಟಿ, ಒಟ್ಟು ಬಾಡಿಗೆ, ತಲುಪಿಸುವ ದಿನ, ಲಾರಿ ನಂಬರು ಎಲ್ಲವೂ ಅದರಲ್ಲಿರಲಿ. ಮೂಲ ಪ್ರತಿ ನಿಮ್ಮ ಕೈಗೆ ಬರಬೇಕು. ಓದಲಾಗದ ಸಣ್ಣ ಅಕ್ಷರದ ಷರತ್ತಿಗೆ ಕಣ್ಣು ಮುಚ್ಚಿ ಸಹಿ ಹಾಕಬೇಡಿ. ವಿವರಿಸಲು ಹೇಳಿ.

ಇದರಲ್ಲೊಂದು ಒಳಗುಟ್ಟಿದೆ. ಸರಕು ಹಾಳಾದರೆ ಕಂಪನಿ ಕೊಡಬೇಕಾದ ಪರಿಹಾರಕ್ಕೆ ಮಿತಿ ಇದೆ: ಬಾಡಿಗೆಯ ಹತ್ತು ಪಟ್ಟು. 9,000 ಬಾಡಿಗೆಗೆ ಹೆಚ್ಚೆಂದರೆ 90,000! ಸಾಮಾನಿನ ಬೆಲೆ ಅದಕ್ಕಿಂತ ಜಾಸ್ತಿ ಇದ್ದರೆ ಬೆಲೆ ಬರೆಸಿ, ಹೆಚ್ಚಿನ ದರ ಕಟ್ಟಿ, ಇಲ್ಲವೇ ಬೇರೆ ವಿಮೆ ಮಾಡಿಸಿ. ಲಾರಿಗೆ ವಿಮೆ ಇದೆ ಎಂದಮಾತ್ರಕ್ಕೆ ನಿಮ್ಮ ಸಾಮಾನಿಗೆ ವಿಮೆ ಇದೆ ಎಂದಲ್ಲ. ನಷ್ಟವಾದರೆ ಬುಕ್ ಮಾಡಿದ 180 ದಿನದೊಳಗೆ ಲಿಖಿತ ನೋಟಿಸ್ ಕೊಡಿ. ಕಂಪನಿಯ ನಿರ್ಲಕ್ಷ್ಯವನ್ನು ಕೋರ್ಟಿನಲ್ಲಿ ನೀವು ಸಾಬೀತು ಮಾಡಬೇಕಿಲ್ಲ. ಆದರೆ ರಸೀದಿ ಇಲ್ಲದವನು ಯಾವ ಕಂಪನಿಯ ಮೇಲೆ ಕೇಸು ಹಾಕುತ್ತಾನೆ?

ಈಗ ನಮ್ಮ ತಪ್ಪಿನ ಮಾತು. "ಇನ್ನೊಂದು ಬೀರು ಹಾಕಪ್ಪಾ, ಏನಾಗುತ್ತೆ" ಎನ್ನುವವರು ಯಾರು? ನಾವೇ! ಭಾರ ಮಿತಿ ಮೀರಿದರೆ ಬ್ರೇಕು ಹಿಡಿದರೂ ಗಾಡಿ ಬೇಗ ನಿಲ್ಲುವುದಿಲ್ಲ. ಎತ್ತರಕ್ಕೆ ಪೇರಿಸಿದರೆ ತಿರುವಿನಲ್ಲಿ ಮಗುಚುತ್ತದೆ. ಮೊದಲು ಸಾಯುವವನು ಆ ಬಡ ಡ್ರೈವರ್. ಸವೆದ ಟೈರು ನೋಡಲು ದೊಡ್ಡ ಓದೇನೂ ಬೇಡ, ಕಣ್ಣಿದ್ದರೆ ಸಾಕು. "ನಿನ್ನೆ ರಾತ್ರಿ ನಿದ್ದೆ ಮಾಡಿದೆಯೇನಪ್ಪಾ?" ಎಂದು ಕೇಳಲು ಖರ್ಚೇನೂ ಇಲ್ಲ. ಬಸ್ ಚಾರ್ಜು ಉಳಿಸಲು ಸಾಮಾನಿನ ಮೇಲೆ ಹತ್ತಿ ಕೂರುವ ಹುಡುಗರೇ, ಸರಕು ಗಾಡಿಯಲ್ಲಿ ಪುಕ್ಕಟೆ ಕೂತವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಉಳಿಸಿದ ನೂರು ರೂಪಾಯಿಗೆ ಮನೆಯವರು ಅನಾಥರಾಗಬೇಕೇ?

ಕಾಗದ ಸರಿಯಿಟ್ಟುಕೊಂಡು ಪ್ರಾಮಾಣಿಕವಾಗಿ ದುಡಿಯುವ ಲಾರಿ ಮಾಲೀಕರು ಬೇಕಾದಷ್ಟಿದ್ದಾರೆ. ಎಫ್‌ಸಿ, ವಿಮೆ, ಒಳ್ಳೆ ಟೈರಿಗೆ ಅವರು ಹಣ ಸುರಿಯುತ್ತಾರೆ, ಅದಕ್ಕೇ ಅವರ ರೇಟು ಎರಡು ಸಾವಿರ ಜಾಸ್ತಿ. ನಾವು ಅಗ್ಗದವನ ಹಿಂದೆ ಓಡಿದಷ್ಟೂ ಈ ನಿಯತ್ತಿನವರು ಮುಳುಗುತ್ತಾರೆ, ಮೋಸಗಾರರು ಬೆಳೆಯುತ್ತಾರೆ.

ಸಾಮಾನು ಒತ್ತೆ ಇಟ್ಟು ಹಣ ಕೇಳಿದರೆ ಹೆದರಬೇಡಿ. ಠಾಣೆಗೆ ಹೋಗಿ ದೂರು ಕೊಡಿ, 1915ಕ್ಕೆ ಫೋನ್ ಮಾಡಿ, ಗ್ರಾಹಕರ ಆಯೋಗದ ಮೆಟ್ಟಿಲು ಹತ್ತಿ. ಆದರೆ ಆ ಪಾಡೇ ಬೇಡ ಎಂದರೆ ದಾರಿ ಒಂದೇ. ಮೊದಲ ಪೆಟ್ಟಿಗೆ ಲಾರಿ ಏರುವ ಮುನ್ನ ಬಾಯಿಬಿಟ್ಟು ಕೇಳಿ: ಕಾಗದ ಎಲ್ಲಿ?